ಕಾಣದ್ದಕ್ಕೂ ಒಂದು ಹೊಣೆಯಿದೆ

ಪತ್ರಿಕೋದ್ಯಮ ಓದಿ ಮುಗಿಸಿ ತಾಲ್ಲೂಕು ವರದಿಗಾರನಾಗಿ ಸೇರಿಕೊಂಡ ಮೊದಲ ವರ್ಷ ನಾನೊಂದು ಮೀಟರ್ ಬಡ್ಡಿಯ ವರದಿ ಮಾಡಿದ್ದೆ. ಬೆಳಿಗ್ಗೆ ತರಕಾರಿ ಮಾರುವವರಿಗೆ ಸಾಲ ಕೊಟ್ಟು ಸಂಜೆಗೆ ಬಡ್ಡಿ ಸಮೇತ ವಸೂಲಿ ಮಾಡುವ, ಕೊಡದಿದ್ದರೆ ತಕ್ಕಡಿಯನ್ನೇ ಎತ್ತಿಕೊಂಡು ಹೋಗುವ ಒಬ್ಬನ ಕಥೆ. ಶೀರ್ಷಿಕೆಯನ್ನೂ ನಾನೇ ಕೊಟ್ಟಿದ್ದೆ: 'ಸಂತೆಬೀದಿಯ ಶೈಲಾಕ್'. ಡೆಸ್ಕಿನವರು ಮೆಚ್ಚಿ ಹಾಗೆಯೇ ಹಾಕಿದರು. ಶೇಕ್ಸ್‌ಪಿಯರ್‌ನ ಆ ಪಾತ್ರವನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲೇ ಕೇಳಿದವರು. ಬಡ್ಡಿ ವ್ಯಾಪಾರಿ ಎಂದರೆ ಶೈಲಾಕ್, ಶೈಲಾಕ್ ಎಂದರೆ ಎದೆಯ ಮಾಂಸ ಕೇಳುವ ಯಹೂದಿ. ನಮ್ಮ ತಾಲ್ಲೂಕಿನಲ್ಲಿ ಒಬ್ಬನೇ ಒಬ್ಬ ಯಹೂದಿ ಇರಲಿಲ್ಲ. ನಾನಂತೂ ಅಲ್ಲಿಯವರೆಗೆ ಒಬ್ಬ ಯಹೂದಿಯನ್ನೂ ಕಂಡವನಲ್ಲ. ಆದರೂ ಯಹೂದಿಯ ಒಂದು ಚಿತ್ರ ನನ್ನ ತಲೆಯಲ್ಲಿ ಸಿದ್ಧವಾಗಿ ಕೂತಿತ್ತು, ಕೈಗೆ ಸುಲಭವಾಗಿ ಸಿಕ್ಕಿತ್ತು.

ಆ ಶೀರ್ಷಿಕೆ ಮತ್ತೆ ನೆನಪಾದದ್ದು ಬ್ರಿಟನ್ನಿನ ಲೇಬರ್ ಪಕ್ಷದ ಜಗಳವನ್ನು ಓದುವಾಗ. ಎಡಪಂಥೀಯ ಪಕ್ಷವೊಂದು, ಜನಾಂಗದ್ವೇಷದ ವಿರುದ್ಧ ಬೀದಿಗಿಳಿದ ಇತಿಹಾಸವಿರುವ ಪಕ್ಷ, ಯಹೂದಿ ದ್ವೇಷದ ಆರೋಪದಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದ ಕಥೆ ಅದು. ನಮ್ಮಲ್ಲಿ ಇದರ ಬಗ್ಗೆ ಮಾತನಾಡಿದವರು ಹೆಚ್ಚಾಗಿ ಎರಡೇ ಸಾಲಿನಲ್ಲಿ ಮುಗಿಸಿದರು. 'ಎಡಪಂಥೀಯರ ಬಣ್ಣ ಬಯಲಾಯಿತು' ಎಂದು ಒಂದು ಗುಂಪು. 'ಪ್ಯಾಲೆಸ್ಟೀನ್ ಪರ ನಿಂತ ನಾಯಕನನ್ನು ಮುಗಿಸಲು ಹೂಡಿದ ಸಂಚು' ಎಂದು ಇನ್ನೊಂದು ಗುಂಪು. ನಾನು ಎರಡನೆಯ ಗುಂಪಿಗೆ ಹತ್ತಿರದವನು. ಹಾಗಾಗಿಯೇ ಈ ಲೇಖನವನ್ನು ನನ್ನದೇ ಕಡೆಯವರನ್ನು ಉದ್ದೇಶಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೋಡೆಯ ಕಥೆ.

2012ರಲ್ಲಿ ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಹತ್ತಿರದ ಗೋಡೆಯೊಂದರ ಮೇಲೆ ಅಮೆರಿಕದ ಕಲಾವಿದನೊಬ್ಬ ದೊಡ್ಡ ಚಿತ್ರ ಬರೆದ. ಹಣದ ಆಟದ ಹಲಗೆಯೊಂದರ ಸುತ್ತ ಸೂಟು ತೊಟ್ಟ ವಯಸ್ಸಾದ ಗಂಡಸರು ಕೂತಿದ್ದಾರೆ. ಆ ಹಲಗೆ ನಿಂತಿರುವುದು ಬಾಗಿ ಕೂತ ಜನರ ಬೆನ್ನಿನ ಮೇಲೆ. ಕೂತವರಲ್ಲಿ ಕೆಲವರಿಗೆ ಬಾಗಿದ ದೊಡ್ಡ ಮೂಗು. ಬ್ಯಾಂಕರುಗಳು ಬಡವರ ಬೆನ್ನ ಮೇಲೆ ಜೂಜಾಡುತ್ತಿದ್ದಾರೆ ಎಂಬುದು ಕಲಾವಿದನ ವಿವರಣೆ. ಅಲ್ಲಿನ ಮೇಯರ್ ಲುತ್ಫುರ್ ರಹಮಾನ್ ಈ ಚಿತ್ರ ಯಹೂದಿ ದ್ವೇಷದ ಹಳೆಯ ಪ್ರಚಾರವನ್ನೇ ಮುಂದುವರಿಸುತ್ತಿದೆ ಎಂದು ಅದನ್ನು ಅಳಿಸಲು ಹೇಳಿದರು. ಕಲಾವಿದ ಫೇಸ್‌ಬುಕ್‌ನಲ್ಲಿ ದೂರಿಕೊಂಡಾಗ, ಆಗ ಸಾಮಾನ್ಯ ಸಂಸದರಾಗಿದ್ದ ಜೆರೆಮಿ ಕಾರ್ಬಿನ್ ಏಕೆ ಅಳಿಸುತ್ತಾರೆ ಎಂದು ಕೇಳಿ, ರಾಕ್‌ಫೆಲರ್ ಹಿಂದೆ ಡಿಯೇಗೊ ರಿವೇರಾನ ಗೋಡೆಚಿತ್ರವನ್ನು ಒಡೆಸಿದ್ದನ್ನು ನೆನಪಿಸಿ, ಸಮಾಧಾನದ ಮಾತು ಬರೆದರು.

ಆರು ವರ್ಷಗಳ ನಂತರ, 2018ರ ಮಾರ್ಚ್‌ನಲ್ಲಿ, ಅದೇ ಪಕ್ಷದ ಯಹೂದಿ ಸಂಸದೆ ಲೂಸಿಯಾನಾ ಬರ್ಜರ್ ಈ ಬಗ್ಗೆ ವಿವರಣೆ ಕೇಳಿದರು. ಅಷ್ಟರಲ್ಲಿ ಕಾರ್ಬಿನ್ ಪಕ್ಷದ ನಾಯಕರಾಗಿ ಎರಡೂವರೆ ವರ್ಷ ಕಳೆದಿತ್ತು. ಚಿತ್ರವನ್ನು ಸರಿಯಾಗಿ ನೋಡದೆ ಬರೆದದ್ದಕ್ಕೆ ವಿಷಾದವಿದೆ, ಅದು ಯಹೂದಿ ದ್ವೇಷದ ಚಿತ್ರವೇ ಹೌದು ಎಂದು ಅವರು ಒಪ್ಪಿಕೊಂಡರು. ಆ ತಿಂಗಳ 26ರಂದು ಬ್ರಿಟಿಷ್ ಯಹೂದಿ ಸಂಘಟನೆಗಳು 'ಸಾಕು ಎಂದರೆ ಸಾಕು' ಎಂದು ಸಂಸತ್ತಿನ ಎದುರು ಪ್ರತಿಭಟಿಸಿದವು.

ಸರಿಯಾಗಿ ನೋಡಲಿಲ್ಲ ಎಂಬ ಕಾರ್ಬಿನ್ ಮಾತನ್ನು ನಾನು ನಂಬುತ್ತೇನೆ. ಯಾಕೆಂದರೆ ಅದೇ ಚಿತ್ರ ನನಗೂ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಬಂಡವಾಳಶಾಹಿಗೆ ಸರಿಯಾದ ಏಟು ಎಂದುಕೊಂಡು ನಾನೂ ನಾಲ್ಕು ಜನರಿಗೆ ದಾಟಿಸಿದ್ದೆ. ಮೂಗುಗಳು ನನಗೆ ಕಾಣಲೇ ಇಲ್ಲ. ಕರ್ನಾಟಕದ ಮೂಲೆಯಲ್ಲಿ ಕೂತ ನನಗೆ ಕಾಣದಿರುವುದು ಬೇರೆ, ಲಂಡನ್ನಿನಲ್ಲಿ ದಶಕಗಳ ಕಾಲ ರಾಜಕೀಯ ಮಾಡಿದವರಿಗೆ ಕಾಣದಿರುವುದು ಬೇರೆ, ನಿಜ. ಆದರೆ ಕಾಣದೇ ಹೋದ ಕಾರಣ ಇಬ್ಬರಿಗೂ ಒಂದೇ ಎಂದು ನನಗನಿಸುತ್ತದೆ.

ನಾವು ಎಡಪಂಥೀಯರು ದ್ವೇಷವನ್ನು ಗುರುತಿಸಲು ಕಲಿತಿರುವ ರೀತಿಯೇ ಒಂದು. ಮೇಲಿರುವವನು ಕೆಳಗಿರುವವನನ್ನು ಕೀಳಾಗಿ ಕಾಣುವುದು ದ್ವೇಷ. ಕೊಳಕ, ಸೋಮಾರಿ, ಅಪರಾಧಿ ಎನ್ನುವುದು ದ್ವೇಷ. ಇದು ಸರಿಯೇ. ಆದರೆ ಯಹೂದಿ ದ್ವೇಷ ಬಹಳ ಸಲ ಉಲ್ಟಾ ಕೆಲಸ ಮಾಡುತ್ತದೆ. ಅದು ಯಹೂದಿಯನ್ನು ಕೆಳಗೆ ತಳ್ಳುವ ಮೊದಲು ಮೇಲೆ ಕೂರಿಸುತ್ತದೆ. ಅವನೇ ಬ್ಯಾಂಕಿನ ಒಡೆಯ, ಅವನೇ ಪತ್ರಿಕೆಯ ಒಡೆಯ, ಯುದ್ಧ ಮಾಡಿಸುವವನೂ ಅವನೇ, ತೆರೆಯ ಹಿಂದೆ ದಾರ ಎಳೆಯುವವನೂ ಅವನೇ. ಇಂಥ ದ್ವೇಷ ಬಡವರ ಪರವಾದ ಸಿಟ್ಟಿನ ವೇಷ ತೊಟ್ಟು ಬರುತ್ತದೆ. ವ್ಯವಸ್ಥೆಯನ್ನು ವಿಶ್ಲೇಷಿಸುವ ಕಷ್ಟದ ಕೆಲಸ ಬಿಟ್ಟು ಒಂದು ಮೂಗನ್ನು ತೋರಿಸಿ ಮುಗಿಸುತ್ತದೆ. ಅದಕ್ಕೇ ಹತ್ತೊಂಬತ್ತನೇ ಶತಮಾನದ ಸಮಾಜವಾದಿಗಳ ನಡುವೆಯೇ ಇದನ್ನು 'ಮೂರ್ಖರ ಸಮಾಜವಾದ' ಎಂದು ಎಚ್ಚರಿಸುವವರಿದ್ದರು.

ಈ ಕಾಯಿಲೆ ಕಾರ್ಬಿನ್ ಕಾಲದಲ್ಲಿ ಹುಟ್ಟಿದ್ದಲ್ಲ. ಅರಾಜಕತಾವಾದದ ಪಿತಾಮಹರಲ್ಲಿ ಒಬ್ಬನಾದ ಪ್ರೂಧೋನ್ ಯಹೂದಿಗಳ ಬಗ್ಗೆ ಬರೆದಿಟ್ಟದ್ದು ಓದಲಾಗದಷ್ಟು ವಿಷ. ಸ್ಟಾಲಿನ್ ತನ್ನ ಕೊನೆಗಾಲದಲ್ಲಿ, 1953ರಲ್ಲಿ, ಬಹುಪಾಲು ಯಹೂದಿಗಳೇ ಇದ್ದ ವೈದ್ಯರ ಗುಂಪಿನ ಮೇಲೆ ಕೊಲೆ ಸಂಚಿನ ಸುಳ್ಳು ಆರೋಪ ಹೊರಿಸಿದ. ಸಾಮ್ರಾಜ್ಯಶಾಹಿಯ ಬಗ್ಗೆ 1902ರಲ್ಲಿ ಜೆ.ಎ. ಹಾಬ್ಸನ್ ಬರೆದ ಪ್ರಸಿದ್ಧ ಪುಸ್ತಕವನ್ನು ಲೆನಿನ್ ಕೂಡ ಬಳಸಿಕೊಂಡ. ಅದರಲ್ಲಿ ಯುರೋಪಿನ ಹಣಕಾಸು ಒಂದೇ ಜನಾಂಗದ ಕೈಯಲ್ಲಿದೆ ಎಂಬ ಅರ್ಥದ ಮಾತುಗಳಿವೆ. 2011ರಲ್ಲಿ ಆ ಪುಸ್ತಕದ ಹೊಸ ಮುದ್ರಣಕ್ಕೆ ಮುನ್ನುಡಿ ಬರೆದು ಹೊಗಳಿದವರು ಕಾರ್ಬಿನ್. ಆ ಸಾಲುಗಳ ಬಗ್ಗೆ ಮುನ್ನುಡಿಯಲ್ಲಿ ಒಂದು ಮಾತೂ ಇರಲಿಲ್ಲ. ಆ ಮಾತುಗಳನ್ನು ತಾನು ಒಪ್ಪುವುದಿಲ್ಲ ಎಂಬ ಉತ್ತರ ಆಮೇಲೆ ಬಂತು. ಒಪ್ಪಿದ್ದರು ಎಂದು ನಾನೂ ಹೇಳುತ್ತಿಲ್ಲ. ಇಲ್ಲಿಯೂ ಕಣ್ಣು ಆ ಸಾಲುಗಳ ಮೇಲೆ ನಿಲ್ಲಲಿಲ್ಲ ಎನ್ನುವುದಷ್ಟೇ ನನ್ನ ಮಾತು.

2023ರಲ್ಲಿ ಇದೇ ಕುರುಡು ಇನ್ನೊಂದು ರೂಪದಲ್ಲಿ ಕಂಡಿತು. ಬ್ರಿಟಿಷ್ ಸಂಸತ್ತಿನ ಮೊದಲ ಕಪ್ಪು ಮಹಿಳೆ ಡಯೇನ್ ಅಬಾಟ್, ಯಹೂದಿಗಳು, ಐರಿಶರು, ಅಲೆಮಾರಿಗಳು ಪೂರ್ವಗ್ರಹ ಅನುಭವಿಸುತ್ತಾರೆ, ಆದರೆ ಜೀವನವಿಡೀ ಜನಾಂಗದ್ವೇಷ ಅನುಭವಿಸುವುದಿಲ್ಲ ಎಂಬರ್ಥದ ಪತ್ರ ಬರೆದು ಅಮಾನತಾದರು. ಅಂದೇ ಕ್ಷಮೆಯನ್ನೂ ಕೇಳಿದರು. ಬದುಕಿನುದ್ದಕ್ಕೂ ಜನಾಂಗ ನಿಂದನೆ ಉಂಡ ಹೆಣ್ಣುಮಗಳು ಆಕೆ. ನೋವು ತಿಂದವರಿಗೂ ಇನ್ನೊಬ್ಬರ ನೋವು ತಾನಾಗಿ ಕಾಣುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ನನಗೆ ಗೊತ್ತಿಲ್ಲ.

ವಿಪರ್ಯಾಸ ನೋಡಿ. ಆ ಗೋಡೆಚಿತ್ರ ಇದ್ದ ಪೂರ್ವ ಲಂಡನ್ನೇ ಒಂದು ಕಾಲದಲ್ಲಿ ಬಡ ಯಹೂದಿ ದರ್ಜಿಗಳ ಕೇರಿ. ಬ್ರಿಕ್ ಲೇನಿನಲ್ಲಿ ಈಗ ಮಸೀದಿಯಾಗಿರುವ ಕಟ್ಟಡ ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನಿಂದ ಓಡಿಬಂದ ಕ್ರೈಸ್ತ ನಿರಾಶ್ರಿತರ ಚರ್ಚಾಗಿತ್ತು, ಆಮೇಲೆ ಯಹೂದಿಗಳ ಸಿನಗಾಗ್ ಆಯಿತು, ಬಾಂಗ್ಲಾದಿಂದ ಬಂದವರ ಕಾಲಕ್ಕೆ ಮಸೀದಿಯಾಯಿತು. ಅಲ್ಲಿಂದ ಸ್ವಲ್ಪ ದೂರದ ಕೇಬಲ್ ಸ್ಟ್ರೀಟ್‌ನಲ್ಲಿ 1936ರ ಅಕ್ಟೋಬರ್ 4ರಂದು ಮೋಸ್ಲಿಯ ಕಪ್ಪಂಗಿ ಫ್ಯಾಸಿಸ್ಟರ ಮೆರವಣಿಗೆಯನ್ನು ಯಹೂದಿಗಳು, ಐರಿಶ್ ಹಡಗುಕಟ್ಟೆ ಕೂಲಿಗಳು, ಕಮ್ಯುನಿಸ್ಟರು ಸೇರಿ ತಡೆದರು. ತನ್ನ ತಾಯಿ ಅಂದು ಅಲ್ಲಿದ್ದರು ಎಂದು ಕಾರ್ಬಿನ್ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಆ ಹೆಮ್ಮೆ ಸುಳ್ಳಲ್ಲ. ಆದರೆ ಹಿರಿಯರು ಅಂದು ಅಡ್ಡ ನಿಂತರು ಎಂಬುದು ಇಂದು ನಾವು ಹೇಳುವ ಮಾತಿಗೆ ಜಾಮೀನಾಗುವುದಿಲ್ಲ. 'ನಾವು ಜೀವನವಿಡೀ ಜನಾಂಗದ್ವೇಷದ ವಿರುದ್ಧ ಹೋರಾಡಿದವರು, ನಮ್ಮಲ್ಲಿ ಅದು ಹೇಗೆ ಇರುತ್ತದೆ?' ಎಂಬ ವಾದ ಲೇಬರ್ ಪಕ್ಷದಲ್ಲಿ ಮತ್ತೆ ಮತ್ತೆ ಕೇಳಿಬಂತು. ನಮ್ಮ ಸಂಘಟನೆಗಳಲ್ಲೂ ಈ ಧಾಟಿಯನ್ನು ಕೇಳದವರು ಯಾರಿದ್ದಾರೆ?

ಇನ್ನು ಇಬ್ಬರ ಕಥೆ. ಬ್ರಾಡ್‌ಫರ್ಡ್‌ನ ಸಂಸದೆ ನಾಜ್ ಶಾ, ಸಂಸದೆಯಾಗುವ ಮೊದಲು, 2014ರ ಗಾಜಾ ಯುದ್ಧದ ಹೊತ್ತಿನಲ್ಲಿ, ಇಸ್ರೇಲನ್ನು ಎತ್ತಿ ಅಮೆರಿಕದೊಳಗೆ ಇಟ್ಟುಬಿಟ್ಟರೆ ಸಮಸ್ಯೆ ಮುಗಿಯಿತು ಎಂಬಂಥ ಚಿತ್ರ ಹಂಚಿಕೊಂಡಿದ್ದರು. 2016ರ ಏಪ್ರಿಲ್‌ನಲ್ಲಿ ಅದು ಹೊರಬಂದಾಗ ಅಮಾನತಾದರು. ಅವರು ಸಂಸತ್ತಿನಲ್ಲಿ ಎದ್ದು ನಿಂತು ಕ್ಷಮೆ ಕೇಳಿದರು. ನಂತರ ಯಹೂದಿ ಸಮುದಾಯದವರ ಬಳಿ ಹೋಗಿ, ಕೂತು, ತನ್ನ ಅಜ್ಞಾನವನ್ನು ಒಪ್ಪಿಕೊಂಡರು. ಆ ಸಮುದಾಯದಲ್ಲಿ ಅನೇಕರು ಆ ಕ್ಷಮೆಯನ್ನು ನಿಜವೆಂದು ಸ್ವೀಕರಿಸಿದರು.

ಅವರನ್ನು ಸಮರ್ಥಿಸಲು ಹೊರಟವರು ಲಂಡನ್ನಿನ ಮಾಜಿ ಮೇಯರ್ ಕೆನ್ ಲಿವಿಂಗ್‌ಸ್ಟನ್. ನಾಜ್ ಶಾ ಬರೆದದ್ದರಲ್ಲಿ ಯಹೂದಿ ದ್ವೇಷವೇ ಇಲ್ಲ ಎಂದ ಅವರು, ಅಷ್ಟಕ್ಕೇ ನಿಲ್ಲದೆ ಹಿಟ್ಲರ್ ಹುಚ್ಚನಾಗುವ ಮೊದಲು ಜಿಯೋನಿಸಂ ಅನ್ನು ಬೆಂಬಲಿಸಿದ್ದ ಎಂದು ರೇಡಿಯೋದಲ್ಲಿ ಹೇಳಿಬಿಟ್ಟರು. 1933ರಲ್ಲಿ ನಾಜಿ ಸರ್ಕಾರಕ್ಕೂ ಕೆಲವು ಜಿಯೋನಿಸ್ಟ್ ಸಂಸ್ಥೆಗಳಿಗೂ ಜರ್ಮನಿಯ ಯಹೂದಿಗಳನ್ನು ಪ್ಯಾಲೆಸ್ಟೀನ್‌ಗೆ ಸಾಗಿಸುವ ಒಪ್ಪಂದ ಆಗಿತ್ತು ನಿಜ. ಮನೆಗೆ ಬೆಂಕಿ ಬಿದ್ದಾಗ ಕಿಟಕಿಯಿಂದ ಹಾರಿದವನಿಗೂ ಬೆಂಕಿ ಇಟ್ಟವನಿಗೂ ಒಳಒಪ್ಪಂದವಿತ್ತು ಎಂದರೆ ಹೇಗೋ ಹಾಗಿತ್ತು ಲಿವಿಂಗ್‌ಸ್ಟನ್ ಮಾತು. ತಪ್ಪು ಮಾಡಿದಾಕೆ ತಪ್ಪು ಎಂದು ಒಪ್ಪಿದರೂ ಸಮರ್ಥಕ ಒಪ್ಪಲಿಲ್ಲ. ಎರಡು ವರ್ಷ ಎಳೆದಾಡಿ, ಕೊನೆಗೆ 2018ರಲ್ಲಿ ಅವರೇ ಪಕ್ಷ ಬಿಟ್ಟರು.

ಈ ಎಳೆದಾಟವೇ ನಿಜವಾದ ರೋಗ. 2016ರಲ್ಲಿ ಶಮಿ ಚಕ್ರಬರ್ತಿ ಅವರ ವಿಚಾರಣಾ ವರದಿ ಬಂತು. ಪಕ್ಷವನ್ನು ಯಹೂದಿ ದ್ವೇಷ ಆವರಿಸಿಲ್ಲ, ಆದರೆ ಆಗಾಗ ವಿಷಮಯ ವಾತಾವರಣವಿದೆ ಎಂದಿತು. ಅದರ ಬಿಡುಗಡೆಯ ಸಭೆಯಲ್ಲೇ ಯಹೂದಿ ಸಂಸದೆ ರೂತ್ ಸ್ಮೀತ್ ಅವರನ್ನು ಕಾರ್ಯಕರ್ತನೊಬ್ಬ ಮಾಧ್ಯಮದ ಜೊತೆ ಕೈಜೋಡಿಸಿದ್ದೀರಿ ಎಂದು ಮೂದಲಿಸಿ, ಅವರು ಕಣ್ಣೀರಿಟ್ಟು ಹೊರನಡೆದರು. 2018ರ ಪಕ್ಷದ ಸಮ್ಮೇಳನಕ್ಕೆ ಲೂಸಿಯಾನಾ ಬರ್ಜರ್ ಪೊಲೀಸ್ ರಕ್ಷಣೆಯಲ್ಲಿ ಬರಬೇಕಾಯಿತು. 2019ರ ಫೆಬ್ರವರಿಯಲ್ಲಿ ಅವರು ಪಕ್ಷವನ್ನೇ ತೊರೆದರು.

ಆಮೇಲೆ ಬಂದದ್ದು ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗದ ತನಿಖೆ. ಆ ಆಯೋಗವನ್ನು ಹುಟ್ಟುಹಾಕಿದ್ದು ಲೇಬರ್ ಸರ್ಕಾರವೇ. ಅದಕ್ಕೆ ಮೊದಲು ಆಯೋಗದ ಕಾನೂನು ಕ್ರಮ ಎದುರಿಸಿದ್ದ ರಾಜಕೀಯ ಪಕ್ಷವೆಂದರೆ ಬಿಳಿಯರ ಕಡುಬಲಪಂಥೀಯ ಬ್ರಿಟಿಷ್ ನ್ಯಾಷನಲ್ ಪಾರ್ಟಿ. 2020ರ ಅಕ್ಟೋಬರ್ 29ರಂದು ಬಂದ ವರದಿ ಲೇಬರ್ ಪಕ್ಷ ಸಮಾನತಾ ಕಾಯ್ದೆಯನ್ನು ಉಲ್ಲಂಘಿಸಿದೆ ಎಂದಿತು. ಪಕ್ಷದ ಪ್ರತಿನಿಧಿಗಳಿಂದ ಕಿರುಕುಳ, ದೂರುಗಳ ವಿಚಾರಣೆಯಲ್ಲಿ ರಾಜಕೀಯ ಹಸ್ತಕ್ಷೇಪ, ದೂರು ನೋಡುವವರಿಗೆ ತಕ್ಕ ತರಬೇತಿ ಇಲ್ಲದಿರುವುದು. ಪರಿಶೀಲಿಸಿದ 70 ಕಡತಗಳಲ್ಲಿ ನಾಯಕನ ಕಚೇರಿಯೂ ಸೇರಿದಂತೆ ಹೊರಗಿನವರು ತಲೆಹಾಕಿದ 23 ನಿದರ್ಶನಗಳು ಸಿಕ್ಕವು. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಅಂಶ. ದೂರು ಕೊಟ್ಟವರು ಸುಳ್ಳು ಹೇಳುತ್ತಿದ್ದಾರೆ, ಮಸಿ ಬಳಿಯುತ್ತಿದ್ದಾರೆ ಎಂದು ಸಾರಾಸಗಟಾಗಿ ಹೇಳುವುದನ್ನೂ ಆಯೋಗ ಕಿರುಕುಳದ ಭಾಗವಾಗಿ ನೋಡಿತು.

ದೂರು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ 'ಇದು ನಿಜವೇ?' ಎಂಬುದು. ಆ ಪಕ್ಷದಲ್ಲಿ ಬಹಳ ಜನ ಮೊದಲು ಕೇಳಿದ್ದು 'ಇದನ್ನು ಯಾರು ಹೇಳಿಸುತ್ತಿದ್ದಾರೆ?' ಎಂದು. ಮಹಿಳೆಯೊಬ್ಬಳು ಸಂಘಟನೆಯೊಳಗಿನ ಕಿರುಕುಳ ಹೇಳಿಕೊಂಡಾಗ, ದಲಿತ ಕಾರ್ಯಕರ್ತನೊಬ್ಬ ಸಭೆಯೊಳಗಿನ ಅವಮಾನ ಹೇಳಿಕೊಂಡಾಗ ಇದೇ ಎರಡನೆಯ ಪ್ರಶ್ನೆ ಮೊದಲು ಬಂದರೆ ನಾವು ಸಿಟ್ಟಾಗುತ್ತೇವೆ, ಆಗಲೇಬೇಕು. ಯಹೂದಿಯ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಯಾಕೆ ಸಹಜ ಅನಿಸಿತು?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನಾನು ಪತ್ರಕರ್ತನಲ್ಲ.

2018ರ ಏಪ್ರಿಲ್‌ನಿಂದ 2019ರ ಜನವರಿವರೆಗಿನ ಹತ್ತು ತಿಂಗಳಲ್ಲಿ ಪಕ್ಷದ ಸದಸ್ಯರ ಮೇಲೆ 673 ದೂರುಗಳು ಬಂದವು, 96 ಮಂದಿ ಅಮಾನತಾದರು, 12 ಮಂದಿ ಉಚ್ಚಾಟನೆಯಾದರು ಎಂದು ಪಕ್ಷವೇ ಪ್ರಕಟಿಸಿತು. ಸದಸ್ಯರ ಸಂಖ್ಯೆ ಆಗ ಐದು ಲಕ್ಷಕ್ಕೂ ಹೆಚ್ಚು. ಲೆಕ್ಕ ಹಾಕಿ, ಸಾವಿರಕ್ಕೆ ಒಬ್ಬರ ಆಸುಪಾಸು. ಆದರೆ ಮಾಧ್ಯಮ ಅಧ್ಯಯನಕಾರ ಗ್ರೆಗ್ ಫಿಲೋ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪುಸ್ತಕಕ್ಕಾಗಿ ಮಾಡಿಸಿದ ಸಮೀಕ್ಷೆಯಲ್ಲಿ, ಎಷ್ಟು ಸದಸ್ಯರ ಮೇಲೆ ಇಂಥ ದೂರು ಬಂದಿದೆ ಎಂದು ಕೇಳಿದಾಗ ಜನ ಕೊಟ್ಟ ಸರಾಸರಿ ಉತ್ತರ ಶೇ. 34. ಸಾವಿರದಲ್ಲಿ ಒಬ್ಬರಿಗೂ ಮೂವರಲ್ಲಿ ಒಬ್ಬರಿಗೂ ನಡುವಿನ ಈ ಕಂದಕವನ್ನು ಯಹೂದಿಗಳು ತೋಡಿದ್ದಲ್ಲ. ಪ್ರತಿದಿನ ಪುಟ ತುಂಬಿಸುವ, ಆದರೆ ಒಮ್ಮೆಯೂ ಒಟ್ಟು ಲೆಕ್ಕ ಕೊಡದ ನಮ್ಮ ವೃತ್ತಿ ತೋಡಿದ್ದು.

ಹಾಗಂತ ಈ ಸಂಖ್ಯೆಯನ್ನು ಹಿಡಿದು ಸಮಸ್ಯೆಯೇ ಇರಲಿಲ್ಲ ಎನ್ನುವವರೂ ತಪ್ಪು ಲೆಕ್ಕವನ್ನೇ ಹಾಕುತ್ತಾರೆ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಯಹೂದಿಗಳು ಸುಮಾರು 2.71 ಲಕ್ಷ, ಅಂದರೆ ನೂರಕ್ಕೆ ಅರ್ಧ. ಅಷ್ಟು ಚಿಕ್ಕ ಸಮುದಾಯದ ಪಾಲಿಗೆ ತಮ್ಮದೇ ಎಂದು ನಂಬಿದ್ದ ಪಕ್ಷದಲ್ಲಿ ಕೆಲವು ನೂರು ಮಂದಿ ಸಾಕು, ಸಭೆಗೆ ಹೋಗುವ ಕಾಲು ತಡೆಯಲು. ಮನೆಯಲ್ಲಿ ಎಷ್ಟು ಹಾವಿವೆ ಎಂಬ ಲೆಕ್ಕ ಒಂದು ಕಡೆ, ಹಾವಿದೆ ಎಂದು ಕೂಗಿದಾಗ ಮನೆಯವರು ಏನು ಮಾಡಿದರು ಎಂಬುದು ಇನ್ನೊಂದು ಕಡೆ. ಆಯೋಗ ನೋಡಿದ್ದು ಎರಡನೆಯದನ್ನು.

ಈ ಆರೋಪ ಅಸ್ತ್ರವಾಗಿ ಬಳಕೆಯಾದದ್ದೂ ನಿಜ. 2022ರ ಜುಲೈನಲ್ಲಿ ಬಂದ ವಕೀಲ ಮಾರ್ಟಿನ್ ಫೋರ್ಡ್ ಅವರ ವರದಿ, ಪಕ್ಷದೊಳಗಿನ ಎರಡೂ ಬಣಗಳು ಯಹೂದಿ ದ್ವೇಷದ ಪ್ರಶ್ನೆಯನ್ನು ಪರಸ್ಪರ ಹೊಡೆದಾಡಲು ಬಳಸಿಕೊಂಡವು ಎಂದು ಹೇಳಿತು. ಕಪ್ಪು ಜನರ, ಮುಸ್ಲಿಮರ ಮೇಲಿನ ದ್ವೇಷದ ದೂರುಗಳಿಗೆ ಅಷ್ಟು ಗಮನ ಸಿಗುತ್ತಿಲ್ಲ, ದ್ವೇಷಗಳಲ್ಲೂ ಮೇಲುಕೀಳಿನ ಶ್ರೇಣಿ ಹುಟ್ಟಿಕೊಂಡಿದೆ ಎಂಬ ಅಳಲನ್ನೂ ದಾಖಲಿಸಿತು. ಕೀರ್ ಸ್ಟಾರ್ಮರ್ ನಾಯಕತ್ವದಲ್ಲಿ ಪಕ್ಷ ಶುದ್ಧೀಕರಣಕ್ಕೆ ಇಳಿದಾಗ ಶಿಸ್ತುಕ್ರಮಕ್ಕೆ ಒಳಗಾದವರಲ್ಲಿ ಇಸ್ರೇಲನ್ನು ಟೀಕಿಸುವ ಎಡಪಂಥೀಯ ಯಹೂದಿಗಳೂ ಇದ್ದರು. ಯಹೂದಿಗಳನ್ನು ಕಾಪಾಡುವ ಹೆಸರಿನಲ್ಲಿ ಯಹೂದಿಗಳನ್ನೇ ಹೊರಹಾಕುವುದು ಎಂಥ ನ್ಯಾಯ?

ಇಲ್ಲಿಗೆ ಪ್ಯಾಲೆಸ್ಟೀನ್ ಪ್ರಶ್ನೆ ಬರುತ್ತದೆ. 2018ರ ಜಗಳದ ಬಹುಪಾಲು ಅಂತರರಾಷ್ಟ್ರೀಯ ಹತ್ಯಾಕಾಂಡ ಸ್ಮರಣಾ ಒಕ್ಕೂಟದ ವ್ಯಾಖ್ಯೆಯ ಸುತ್ತ ನಡೆಯಿತು. ಅದರ 11 ಉದಾಹರಣೆಗಳಲ್ಲಿ ಹಲವು ಇಸ್ರೇಲಿಗೆ ಸಂಬಂಧಿಸಿದವು. ಅವನ್ನು ಇದ್ದಂತೆ ಒಪ್ಪಿದರೆ ಪ್ಯಾಲೆಸ್ಟೀನಿಯರು ತಮ್ಮ ಮನೆ ಕಳೆದುಕೊಂಡ ಕಥೆ ಹೇಳುವುದೇ ಅಪರಾಧವಾದೀತು ಎಂಬ ಭಯ ಪಕ್ಷದ ಎಡಬಣಕ್ಕಿತ್ತು. ಅದು ಆಧಾರವಿಲ್ಲದ ಭಯವಲ್ಲ. ಆ ವ್ಯಾಖ್ಯೆಯ ಕರಡು ಬರೆದವರಲ್ಲಿ ಪ್ರಮುಖರಾದ ಕೆನ್ನೆತ್ ಸ್ಟರ್ನ್ ಅವರೇ, ಇದನ್ನು ಮಾಡಿದ್ದು ಅಂಕಿಅಂಶ ಸಂಗ್ರಹಕ್ಕೆ, ಬಾಯಿ ಮುಚ್ಚಿಸಲಿಕ್ಕಲ್ಲ ಎಂದು ಎಚ್ಚರಿಸಿದ್ದಾರೆ. ಆದರೆ ಪಕ್ಷ ಮಾಡಿದ್ದೇನು? ಜುಲೈನಲ್ಲಿ ಯಹೂದಿ ಸಂಘಟನೆಗಳ ವಿಶ್ವಾಸ ಗಳಿಸದೆ ಉದಾಹರಣೆಗಳನ್ನು ತಾನೇ ತಿದ್ದಿ ಒಪ್ಪಿತು. ಬ್ರಿಟನ್ನಿನ ಮೂರು ಯಹೂದಿ ಪತ್ರಿಕೆಗಳು ಒಂದೇ ಮುಖಪುಟ ಸಂಪಾದಕೀಯ ಬರೆದು ಪ್ರತಿಭಟಿಸಿದವು. ಸೆಪ್ಟೆಂಬರ್‌ನಲ್ಲಿ ಪಕ್ಷ ಎಲ್ಲ 11ನ್ನೂ ಒಪ್ಪಿಕೊಂಡಿತು. ಒಳ್ಳೆಯ ವಾದವೊಂದು ಕೆಟ್ಟ ನಡವಳಿಕೆಯಿಂದ ಸೋತಿತು.

ಗೆರೆ ಎಳೆಯುವುದು ನಿಜಕ್ಕೂ ಅಷ್ಟು ಕಷ್ಟವೇ? ಇಸ್ರೇಲ್ ಸರ್ಕಾರ ಗಾಜಾದಲ್ಲಿ ಮಾಡುತ್ತಿರುವುದನ್ನು, ಪಶ್ಚಿಮ ದಂಡೆಯಲ್ಲಿ ಜಮೀನು ಕಸಿಯುವುದನ್ನು ಖಂಡಿಸುವುದು ಒಂದು ಸರ್ಕಾರದ ಕೃತ್ಯದ ಖಂಡನೆ. ಅದಕ್ಕೆ ಮ್ಯಾಂಚೆಸ್ಟರಿನ ಯಹೂದಿ ಅಂಗಡಿಯವನು ಉತ್ತರ ಕೊಡಲಿ ಎನ್ನುವುದು ದ್ವೇಷ. ಅಮೆರಿಕದ ನೀತಿಯ ಹಿಂದೆ ಶಸ್ತ್ರಾಸ್ತ್ರ ಉದ್ಯಮ, ತೈಲ, ಮತಬ್ಯಾಂಕು, ಲಾಬಿ ಎಲ್ಲವನ್ನೂ ಹೆಸರಿಸಿ ಬರೆಯುವುದು ವಿಶ್ಲೇಷಣೆ. 'ಅವರೇ ಜಗತ್ತನ್ನು ಆಳುತ್ತಿದ್ದಾರೆ' ಎಂದು ಕಣ್ಣು ಮಿಟುಕಿಸುವುದು ದ್ವೇಷ. ಈ ಗೆರೆಯ ಮೇಲೆ ಕಾಲಿಡುವ ಕಷ್ಟದ ಪ್ರಸಂಗಗಳು ಇದ್ದೇ ಇವೆ. ಆದರೆ ಆ ಗೋಡೆಚಿತ್ರ ಕಷ್ಟದ ಪ್ರಸಂಗವಾಗಿರಲಿಲ್ಲ. ಅದರಲ್ಲಿ ಪ್ಯಾಲೆಸ್ಟೀನ್ ಎಲ್ಲಿಯೂ ಇರಲಿಲ್ಲ. ಪ್ಯಾಲೆಸ್ಟೀನಿಯರ ಪರ ಮಾತಾಡುವವರು ಇಂಥ ಚಿತ್ರಗಳನ್ನು ಮೊದಲು ತಾವೇ ದೂರ ಎಸೆಯಬೇಕು, ಯಾಕೆಂದರೆ ಇದರ ದಂಡ ಕಟ್ಟುವವರು ಪ್ಯಾಲೆಸ್ಟೀನಿಯರು. ಅವರ ನ್ಯಾಯವಾದ ಮಾತನ್ನು ತಳ್ಳಿಹಾಕಲು ಎದುರಾಳಿಗೆ ಸಿಗುವ ಅತಿ ಅಗ್ಗದ ನೆಪ ಇದು.

ಆಯೋಗದ ವರದಿ ಬಂದ ದಿನ ಕಾರ್ಬಿನ್ ಒಂದು ಹೇಳಿಕೆ ಕೊಟ್ಟರು. ಒಬ್ಬ ಯಹೂದಿ ದ್ವೇಷಿ ಇದ್ದರೂ ಹೆಚ್ಚೇ ಎಂದರು. ಅದರ ಜೊತೆಗೇ, ಸಮಸ್ಯೆಯ ಪ್ರಮಾಣವನ್ನು ವಿರೋಧಿಗಳೂ ಮಾಧ್ಯಮಗಳೂ ರಾಜಕೀಯ ಕಾರಣಕ್ಕೆ ಉಬ್ಬಿಸಿದರು ಎಂದರು. ಅಂದೇ ಅವರನ್ನು ಅಮಾನತು ಮಾಡಲಾಯಿತು. ಮೂರೇ ವಾರದಲ್ಲಿ ಸದಸ್ಯತ್ವ ಮರಳಿತಾದರೂ ಸಂಸದೀಯ ಗುಂಪಿಗೆ ಸೇರಿಸಲಿಲ್ಲ. 2024ರ ಚುನಾವಣೆಯಲ್ಲಿ ಅವರು ಸ್ವತಂತ್ರರಾಗಿ ನಿಂತು ತಮ್ಮ ಇಸ್ಲಿಂಗ್ಟನ್ ನಾರ್ತ್ ಕ್ಷೇತ್ರವನ್ನು ಗೆದ್ದರು.

ಆ ಅಮಾನತು ತಪ್ಪು ಎಂದೇ ನನ್ನ ಅಭಿಪ್ರಾಯ. ಪಕ್ಷದೊಳಗೆ ಸಮಸ್ಯೆ ಎಷ್ಟಿದೆ ಎಂಬ ಬಗ್ಗೆ ಸದಸ್ಯರು ತಮ್ಮ ಅನುಭವದಿಂದ ಅಭಿಪ್ರಾಯ ಹೇಳುವುದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದು ಅದೇ ವರದಿ ಹೇಳಿತ್ತು. ಕಾರ್ಬಿನ್ ಹೇಳಿದ್ದರಲ್ಲಿ ಅಂಕಿಅಂಶದ ಸತ್ಯವೂ ಇತ್ತು. ಆದರೆ ಅಂದು ಆ ಮಾತಿನ ದಿನವಾಗಿರಲಿಲ್ಲ. ತನ್ನ ನಾಯಕತ್ವದಲ್ಲಿ ಕಾನೂನು ಮುರಿಯಿತು ಎಂದು ತೀರ್ಪು ಬಂದ ದಿನ ನೊಂದವರ ಮುಂದೆ ಹೇಳಬೇಕಾದ ಮೊದಲ ಮಾತು ಪ್ರಮಾಣದ ಲೆಕ್ಕವಲ್ಲ. ಸಾವಿನ ಮನೆಗೆ ಹೋಗಿ, ಪೇಪರಿನಲ್ಲಿ ಸತ್ತವರ ಸಂಖ್ಯೆ ತಪ್ಪಾಗಿ ಬಂದಿದೆ ಎಂದು ಯಾರೂ ಶುರು ಮಾಡುವುದಿಲ್ಲ. ನಾಜ್ ಶಾಗೆ ತಿಳಿದದ್ದು ಅವರ ನಾಯಕನಿಗೆ ತಿಳಿಯಲಿಲ್ಲ.

ಇಷ್ಟು ದೂರದ ಜಗಳ ನಮಗ್ಯಾಕೆ ಎನ್ನುವವರಿಗೆ ನನ್ನದೇ ಶೀರ್ಷಿಕೆಯನ್ನು ತೋರಿಸುತ್ತೇನೆ. ಯಹೂದಿಯೇ ಇಲ್ಲದ ತಾಲ್ಲೂಕಿನಲ್ಲಿ, ಬಡ ತರಕಾರಿ ಹೆಂಗಸರ ಪರವಾಗಿ, ಒಳ್ಳೆಯ ಉದ್ದೇಶದಿಂದಲೇ ನಾನು ಆ ಪದ ಬಳಸಿದೆ. ಆ ಹೆಂಗಸರಿಗೆ ಅದರಿಂದ ಏನೂ ಸಿಗಲಿಲ್ಲ. ಬಡ್ಡಿ ಎಷ್ಟು, ಲೈಸೆನ್ಸ್ ಇತ್ತೇ, ಪೊಲೀಸರು ದೂರು ಯಾಕೆ ತೆಗೆದುಕೊಳ್ಳಲಿಲ್ಲ, ಬ್ಯಾಂಕು ಅವರಿಗೆ ಯಾಕೆ ಸಾಲ ಕೊಡಲಿಲ್ಲ ಎಂಬುದನ್ನೆಲ್ಲ ವರದಿಯ ಕೊನೆಯ ಎರಡು ಪ್ಯಾರಾಗೆ ತಳ್ಳಿದ್ದೆ. ಅವೇ ನಿಜವಾದ ಸುದ್ದಿಯಾಗಿದ್ದವು. ಒಂದು ಮೂಗು ಸಿಕ್ಕಿದ ಕೂಡಲೇ ಉಳಿದ ಪ್ರಶ್ನೆಗಳು ನನಗೆ ಬೇಡವಾಗಿದ್ದವು.

ಆ ಪತ್ರಿಕೆಯ ತುಣುಕು ಈಗಲೂ ನನ್ನ ಫೈಲಿನಲ್ಲಿದೆ. ಹರಿದು ಹಾಕಬೇಕೆಂದು ಒಮ್ಮೆ ಅನಿಸಿತ್ತು. ಇರಲಿ ಎಂದು ಬಿಟ್ಟಿದ್ದೇನೆ.